ಭಂಗಿಗೊಂದು ಅಳತೆ ಬೇಕು

ಗಾಂಜಾವನ್ನು ಔಷಧಿಯಾಗಿ ಬಳಸಲು ಕಾನೂನು ಬಿಡಬೇಕೋ ಬೇಡವೋ ಎಂಬ ಚರ್ಚೆ ನಮ್ಮಲ್ಲಿ ಆಗಾಗ ಏಳುತ್ತದೆ. ಪೊಲೀಸರು ಎಲ್ಲೋ ದೊಡ್ಡ ಮೂಟೆಗಳನ್ನು ಹಿಡಿದ ಸುದ್ದಿ ಬಂದೊಡನೆ ತಣ್ಣಗಾಗುತ್ತದೆ. ಬಿಡಬೇಕೆನ್ನುವವರೂ ಬೇಡವೆನ್ನುವವರೂ ಒಂದು ಸಂಗತಿಯನ್ನು ಮಾತ್ರ ಮೊದಲೇ ಒಪ್ಪಿಕೊಂಡಿರುತ್ತಾರೆ: ಈಗಿನ ಕಾನೂನು ಅದನ್ನು ಪೂರ್ತಿ ನಿಷೇಧಿಸಿದೆ ಎಂದು. ಕಾಯ್ದೆಯನ್ನು ತೆರೆದು ನೋಡಿದರೆ ಹಾಗೇನೂ ಇಲ್ಲ. 1985ರ ಮಾದಕ ವಸ್ತುಗಳ ಕಾಯ್ದೆ, ಅಂದರೆ ಎಲ್ಲರ ಬಾಯಲ್ಲಿರುವ ಎನ್‌ಡಿಪಿಎಸ್, ತನ್ನ 8ನೇ ಕಲಮಿನಲ್ಲಿ ಗಾಂಜಾ ಬೆಳೆಯುವುದು, ಮಾರುವುದು, ಇಟ್ಟುಕೊಳ್ಳುವುದನ್ನೆಲ್ಲ ತಡೆಯುತ್ತದೆ ನಿಜ. ಆದರೆ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳಿಗೆ, ನಿಯಮಗಳ ಪ್ರಕಾರ, ವಿನಾಯಿತಿ ಇದೆ ಎಂದು ಅದೇ ಕಲಂ ಹೇಳುತ್ತದೆ. ಇನ್ನೂ ಹಿಂದಕ್ಕೆ ಹೋದರೆ, 2ನೇ ಕಲಮಿನ ವ್ಯಾಖ್ಯೆಗಳ ಪಟ್ಟಿಯಲ್ಲಿ 'ಔಷಧೀಯ ಗಾಂಜಾ' ಎಂಬ ಹೆಸರೇ ಸಿಗುತ್ತದೆ. ಗಿಡದಿಂದ ತೆಗೆದ ಯಾವುದೇ ಸಾರ ಅಥವಾ ಟಿಂಕ್ಚರ್ ಎಂಬುದು ಅದರ ಅರ್ಥ. 10ನೇ ಕಲಂ, ಗಾಂಜಾ ಕೃಷಿಗೆ ಅನುಮತಿ ಕೊಟ್ಟು ಅದನ್ನು ನಿಯಂತ್ರಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳ ಕೈಗೆ ಕೊಟ್ಟಿದೆ. ಹೀಗಾಗಿ ನಾಲ್ಕು ದಶಕಗಳಿಂದ ಕಾಗದದ ಮೇಲೆ ಈ ಬಾಗಿಲು ತೆರೆದೇ ಇದೆ. ಕೊರತೆ ಇರುವುದು ಬೇರೆ ಕಡೆ. ಯಾವ ಕಾಯಿಲೆಗೆ, ಗಿಡದ ಯಾವ ಅಂಶ, ಎಷ್ಟು ಮಿಲಿಗ್ರಾಂ, ಯಾರ ಚೀಟಿಯ ಮೇಲೆ, ಯಾರ ತಪಾಸಣೆಯಲ್ಲಿ ಎಂಬುದನ್ನು ಯಾರೂ ಗೊತ್ತುಮಾಡಿಲ್ಲ. ಗಾಂಜಾ ಔಷಧಿಯಾಗುವುದು ಅನುಮತಿಯಿಂದಲ್ಲ, ಅಳತೆಯಿಂದ ಎಂಬುದೇ ಈ ಲೇಖನದ ವಾದ.

ಇದು ಹೊಸ ವಾದವೇನಲ್ಲ, ಚರಿತ್ರೆಯೇ ಒಮ್ಮೆ ಮಾಡಿ ತೋರಿಸಿದ್ದು. ಪಾಶ್ಚಾತ್ಯ ವೈದ್ಯಕ್ಕೆ ಗಾಂಜಾವನ್ನು ಪರಿಚಯಿಸಿದ್ದು ಕಲ್ಕತ್ತ. ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿದ್ದ ಐರಿಷ್ ವೈದ್ಯ ವಿಲಿಯಂ ಬ್ರೂಕ್ ಓ'ಷಾನೆಸ್ಸಿ ಈ ದೇಶದ ಪಂಡಿತರು, ಹಕೀಮರು ಅದನ್ನು ಹೇಗೆ ಬಳಸುತ್ತಾರೆಂದು ಕೇಳಿ ತಿಳಿದು, ಮೊದಲು ಪ್ರಾಣಿಗಳ ಮೇಲೆ, ಆಮೇಲೆ ರೋಗಿಗಳ ಮೇಲೆ ಪ್ರಯೋಗಿಸಿ, 1839ರಲ್ಲಿ ತನ್ನ ಪ್ರಬಂಧ ಮಂಡಿಸಿದ. ಧನುರ್ವಾಯುವಿನ ಸೆಳೆತ, ಸಂಧಿವಾತ, ಎಳೆಯ ಮಗುವಿನ ಫಿಟ್ಸ್ ಇವೆಲ್ಲ ಅವನ ಪಟ್ಟಿಯಲ್ಲಿದ್ದವು. ಮುಂದಿನ ಅರ್ಧ ಶತಮಾನ ಗಾಂಜಾ ಟಿಂಕ್ಚರ್ ಬ್ರಿಟನ್, ಅಮೆರಿಕದ ಔಷಧಿ ಅಂಗಡಿಗಳಲ್ಲಿ ಮಾಮೂಲಿ ಸರಕಾಗಿತ್ತು. 1942ರವರೆಗೂ ಅಮೆರಿಕದ ಅಧಿಕೃತ ಔಷಧ ಸಂಹಿತೆಯಲ್ಲಿ ಅದರ ಹೆಸರಿತ್ತು. ಆದರೆ ಪೊಲೀಸರು ಬರುವ ಮೊದಲೇ ವೈದ್ಯರು ಅದರಿಂದ ದೂರ ಸರಿಯತೊಡಗಿದ್ದರು. ಒಂದು ಸೀಸೆಯ ಟಿಂಕ್ಚರ್ ರೋಗಿಯನ್ನು ಮಲಗಿಸಿದರೆ ಇನ್ನೊಂದು ಸೀಸೆ ಏನೂ ಮಾಡುತ್ತಿರಲಿಲ್ಲ, ಮತ್ತೊಂದು ಅವನ ತಲೆ ಕೆಡಿಸುತ್ತಿತ್ತು. ಅದರ ಸತ್ವ ನೀರಿನಲ್ಲಿ ಕರಗದಿದ್ದುದರಿಂದ ಸೂಜಿಯಲ್ಲಿ ಚುಚ್ಚಲೂ ಬರುತ್ತಿರಲಿಲ್ಲ. ಅದೇ ಹೊತ್ತಿಗೆ ಇಂತಿಷ್ಟೇ ಎಂದು ತೂಗಿ ಕೊಡಬಹುದಾದ ಮಾರ್ಫಿನ್, ಆಸ್ಪಿರಿನ್, ನಿದ್ದೆಗುಳಿಗೆಗಳು ಬಂದವು. ಅಳತೆಗೆ ಸಿಕ್ಕ ಔಷಧಿಗಳು ಉಳಿದುಕೊಂಡವು, ಸಿಗದ ಗಾಂಜಾ ಮೂಲೆ ಸೇರಿತು.

ಆಡಳಿತದ ಕಡೆಯಿಂದಲೂ ಇದೇ ಕಾಲದ ಒಂದು ದಾಖಲೆ ಇದೆ. ಬ್ರಿಟಿಷ್ ಸರ್ಕಾರ 1893ರಲ್ಲಿ ನೇಮಿಸಿದ ಭಾರತೀಯ ಗಾಂಜಾ ಆಯೋಗ ಊರೂರು ಸುತ್ತಿ, ಸುಮಾರು 1,200 ಸಾಕ್ಷಿಗಳನ್ನು ವಿಚಾರಿಸಿ, ಮರುವರ್ಷ ಏಳು ಸಂಪುಟಗಳ ವರದಿ ಕೊಟ್ಟಿತು. ಮಿತವಾಗಿ ಬಳಸುವವರಿಗೆ ಹೇಳಿಕೊಳ್ಳುವಂಥ ಕೆಡುಕಿಲ್ಲ, ಅತಿಯಾಗಿ ಬಳಸುವವರಿಗೆ ಇದೆ, ಪೂರ್ತಿ ನಿಷೇಧ ಬೇಡ, ಸುಂಕ ಹಾಕಿ ನಿಯಂತ್ರಿಸಿ ಎಂಬುದು ಅದರ ಸಾರಾಂಶ. ಗಾಂಜಾ ಪರ ವಕಾಲತ್ತು ಮಾಡುವವರು ಈ ವರದಿಯನ್ನು ಇಂದಿಗೂ ಕಣ್ಣಿಗೊತ್ತಿಕೊಳ್ಳುತ್ತಾರೆ. ಒಳ್ಳೆಯ ವರದಿಯೇ, ಆದರೆ ಅದು ಅಬಕಾರಿ ಪ್ರಶ್ನೆಗೆ ಕೊಟ್ಟ ಉತ್ತರ, ಔಷಧಿಯ ಪ್ರಶ್ನೆಗಲ್ಲ. ಆಮೇಲೆ 1961ರ ಅಂತರರಾಷ್ಟ್ರೀಯ ಒಪ್ಪಂದ ಬಂತು. ಔಷಧಿಯಲ್ಲದ ಬಳಕೆಯನ್ನು 25 ವರ್ಷಗಳಲ್ಲಿ ನಿಲ್ಲಿಸುವುದಾಗಿ ಅದಕ್ಕೆ ಸೇರಿದ ದೇಶಗಳು ಒಪ್ಪಿಕೊಂಡವು. ಆ ಗಡುವು ಹತ್ತಿರ ಬಂದಾಗ ನಮ್ಮ ಸಂಸತ್ತು 1985ರ ಕಾಯ್ದೆ ತಂದಿತು. ಎಲೆ ಮತ್ತು ಬೀಜ, ಹೂಗೊನೆ ಅಂಟಿಕೊಂಡಿರದಿದ್ದರೆ, ಗಾಂಜಾ ಅಲ್ಲ ಎಂಬ ರಿಯಾಯಿತಿ ಆ ಒಪ್ಪಂದದಲ್ಲೂ ಇದೆ, ನಮ್ಮ ಕಾಯ್ದೆಯಲ್ಲೂ ಇದೆ. ಈ ಸೊಪ್ಪಿನಿಂದ ಮಾಡುವ ಹೋಳಿ, ಶಿವರಾತ್ರಿಯ ಭಂಗಿಯನ್ನು ಕೈಬಿಡಲು ಈ ದೇಶ ಸಿದ್ಧವಿರಲಿಲ್ಲ. ಭಂಗಿ ಎನ್‌ಡಿಪಿಎಸ್ ವ್ಯಾಪ್ತಿಗೆ ಬರುವುದಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಒಂದು ಜಾಮೀನು ಆದೇಶದಲ್ಲಿ ಹೇಳಿದ್ದಕ್ಕೆ ಈ ರಿಯಾಯಿತಿಯೇ ಆಧಾರ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಸನ್ನಿಧಿಯಂಥ ಕಡೆ ಗಾಂಜಾವನ್ನೇ ಪ್ರಸಾದವೆಂದು ಭಾವಿಸುವ ಅವಧೂತ, ಆರೂಢ ಪರಂಪರೆಗಳೂ ನಮ್ಮಲ್ಲಿವೆ. ಆ ನಂಬಿಕೆಯ ಪ್ರಶ್ನೆ ಬೇರೆ, ಆಸ್ಪತ್ರೆಯ ಪ್ರಶ್ನೆ ಬೇರೆ. ಎರಡನ್ನೂ ಬೆರೆಸಿದ್ದರಿಂದ ಆಸ್ಪತ್ರೆಗೆ ಬೇಕಾದ ಉತ್ತರ ಇನ್ನೂ ಸಿಕ್ಕಿಲ್ಲ.

ಈಗ ಗಿಡದ ಒಳಗಿನ ಸಂಗತಿ. ಗಾಂಜಾ ಗಿಡದಲ್ಲಿ ಅದಕ್ಕೇ ವಿಶಿಷ್ಟವಾದ ನೂರಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಎರಡನ್ನು ನೆನಪಿಟ್ಟುಕೊಂಡರೆ ಈ ಇಡೀ ಚರ್ಚೆ ಅರ್ಥವಾಗುತ್ತದೆ. ಒಂದು ಟಿಎಚ್‌ಸಿ, ನಶೆ ತರುವುದು ಅದೇ. ಇನ್ನೊಂದು ಸಿಬಿಡಿ, ಅದರಿಂದ ಅಮಲೇರುವುದಿಲ್ಲ. ಇಸ್ರೇಲಿನ ರಸಾಯನ ವಿಜ್ಞಾನಿ ರಾಫೆಲ್ ಮೆಚೌಲಂ 1963ರಲ್ಲಿ ಸಿಬಿಡಿಯ ರಚನೆಯನ್ನೂ ಮರುವರ್ಷ ಸಹೋದ್ಯೋಗಿ ಗವೋನಿಯ ಜೊತೆ ಟಿಎಚ್‌ಸಿಯನ್ನೂ ಬಿಡಿಸಿಟ್ಟ ಮೇಲೆ, ಸೊಪ್ಪನ್ನು ಬಿಟ್ಟು ಅದರ ಅಂಶವನ್ನು ಪರೀಕ್ಷಿಸುವುದು ಸಾಧ್ಯವಾಯಿತು. ಅತ್ಯಂತ ಗಟ್ಟಿ ಸಾಕ್ಷ್ಯ ಬಂದಿರುವುದು ಮಕ್ಕಳ ಮೂರ್ಛೆರೋಗದಲ್ಲಿ. ಡ್ರಾವೆ ಸಿಂಡ್ರೋಮ್ ಎಂಬ ಕಾಯಿಲೆಯಲ್ಲಿ ಮಗುವಿಗೆ ಮೊದಲ ವರ್ಷದಲ್ಲೇ ಫಿಟ್ಸ್ ಶುರುವಾಗುತ್ತದೆ, ಮಾಮೂಲಿ ಗುಳಿಗೆಗಳಿಗೆ ಬಗ್ಗುವುದಿಲ್ಲ. ಇಂಥ 120 ಮಕ್ಕಳು ಮತ್ತು ಹದಿಹರೆಯದವರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶುದ್ಧ ಸಿಬಿಡಿ ದ್ರಾವಣ ಪಡೆದವರಲ್ಲಿ ತಿಂಗಳಿಗೆ 12.4ರಷ್ಟಿದ್ದ ಸೆಳೆತಗಳು 5.9ಕ್ಕೆ ಇಳಿದವು, ಔಷಧವಿಲ್ಲದ ಹುಸಿ ದ್ರಾವಣ ಪಡೆದವರಲ್ಲಿ 14.9ರಿಂದ 14.1ಕ್ಕೆ ಬಂದವು, ಅಂದರೆ ಇದ್ದಲ್ಲೇ ಇದ್ದವು. ಎಪಿಡಿಯೊಲೆಕ್ಸ್ ಎಂಬ ಹೆಸರಿನ ಈ ದ್ರಾವಣಕ್ಕೆ 2018ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿತು. ಅದರಿಂದ ತೂಕಡಿಕೆ, ಭೇದಿ ಆಗುವುದುಂಟು, ವಾಲ್‌ಪ್ರೊಯೇಟ್ ಗುಳಿಗೆಯ ಜೊತೆ ಸೇರಿದರೆ ಪಿತ್ತಜನಕಾಂಗದ ಕಿಣ್ವಗಳು ಏರುವುದುಂಟು ಎಂಬುದೂ ಆ ಪ್ರಯೋಗದಿಂದಲೇ ತಿಳಿಯಿತು. ಫಿಟ್ಸ್ ಇರುವ ನಮ್ಮ ಎಷ್ಟೋ ಮಕ್ಕಳು ನುಂಗುತ್ತಿರುವುದು ವಾಲ್‌ಪ್ರೊಯೇಟನ್ನೇ. ಯಾರಿಗೂ ಹೇಳದೆ 'ಸಿಬಿಡಿ ಎಣ್ಣೆ' ತಂದು ಕುಡಿಸುವ ತಂದೆತಾಯಿಗೆ ಈ ಮಾತನ್ನು ಹೇಳುವವರು ಯಾರು?

ಉಳಿದ ಕಡೆ ಸಾಕ್ಷ್ಯ ಇಷ್ಟು ನಿಚ್ಚಳವಾಗಿಲ್ಲ. ಕಿಮೋ ಪಡೆಯುವವರ ವಾಂತಿಗೆ ಟಿಎಚ್‌ಸಿಯೇ ಆದ ಡ್ರೊನಾಬಿನಾಲ್, ಅದನ್ನು ಹೋಲುವ ನ್ಯಾಬಿಲೋನ್ ಎಂಬ ಎರಡು ಗುಳಿಗೆಗಳು ಅಮೆರಿಕದಲ್ಲಿ 1985ರಲ್ಲೇ ಅನುಮತಿ ಪಡೆದವು. ನಮ್ಮ ಕಾಯ್ದೆ ಹುಟ್ಟಿದ್ದೂ ಅದೇ ವರ್ಷ. ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಸ್ನಾಯು ಬಿಗಿತಕ್ಕೆ, ಟಿಎಚ್‌ಸಿ ಮತ್ತು ಸಿಬಿಡಿ ಎರಡೂ ಇರುವ, ಬಾಯಿಗೆ ಸಿಂಪಡಿಸಿಕೊಳ್ಳುವ ಸ್ಯಾಟಿವೆಕ್ಸ್ 2010ರಲ್ಲಿ ಬ್ರಿಟನ್ನಿನಲ್ಲಿ ಬಂತು. ದೀರ್ಘಕಾಲದ ನೋವಿನ ವಿಷಯದಲ್ಲಿ ತಜ್ಞರೇ ಒಂದು ಮಾತಿಗೆ ನಿಂತಿಲ್ಲ: ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2017ರಲ್ಲಿ ಗಣನೀಯ ಸಾಕ್ಷ್ಯವಿದೆ ಎಂದವು, ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2021ರಲ್ಲಿ, ಈಗಿರುವ ಸಾಕ್ಷ್ಯ ಸಾಲದು, ನಾವು ಶಿಫಾರಸು ಮಾಡುವುದಿಲ್ಲ ಎಂದಿತು. ನಿದ್ರಾಹೀನತೆ, ಆತಂಕ, ಖಿನ್ನತೆ, ಸಕ್ಕರೆ ಕಾಯಿಲೆ ಎಂದು ಜಾಹೀರಾತುಗಳಲ್ಲಿ ಬೆಳೆಯುತ್ತ ಹೋಗುವ ಪಟ್ಟಿಗೆ ಇಷ್ಟೂ ಆಧಾರವಿಲ್ಲ. ಕ್ಯಾನ್ಸರ್ ಗಡ್ಡೆಯನ್ನೇ ಕರಗಿಸುತ್ತದೆ ಎಂಬ ವಾಟ್ಸಾಪ್ ಮಾತನ್ನು ನಂಬಿ ಕಿಮೋ ಬಿಟ್ಟವರಿಗೆ ಆಗುವ ನಷ್ಟ ಗಾಂಜಾದ ನಶೆಯಿಂದ ಆಗುವುದಕ್ಕಿಂತ ದೊಡ್ಡದು. ಹೀಗೆ, ಲಾಭ ಇರುವುದು ನಿಜ, ಆದರೆ ಅದು ಕೆಲವೇ ಕಾಯಿಲೆಗಳಿಗೆ, ಗೊತ್ತುಪಡಿಸಿದ ಅಂಶ, ಗೊತ್ತುಪಡಿಸಿದ ಪ್ರಮಾಣದಲ್ಲಿದ್ದಾಗ ಮಾತ್ರ. ಗಿಡಕ್ಕೆ ಜೈಕಾರ ಹಾಕುವವರೂ ಗಿಡಕ್ಕೆ ಶಾಪ ಹಾಕುವವರೂ ಈ 'ಮಾತ್ರ'ವನ್ನು ಹಾರಿಸಿ ಓದುತ್ತಾರೆ.

ಪ್ರಮಾಣ ಎಂದಾಗ ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಮಕ್ಕಳ ಮೂರ್ಛೆರೋಗದ ಮೇಲಿನ ಪ್ರಯೋಗದಲ್ಲಿ ಕೊಟ್ಟ ಪ್ರಮಾಣ ದಿನಕ್ಕೆ, ದೇಹದ ಪ್ರತಿ ಕಿಲೋ ತೂಕಕ್ಕೆ 20 ಮಿಲಿಗ್ರಾಂ. 20 ಕಿಲೋ ತೂಗುವ ಮಗುವಿಗೆ ಅದು ದಿನಕ್ಕೆ 400 ಮಿಲಿಗ್ರಾಂ. ಒಂದು ಸೀಸೆಯ ಮೇಲೆ ಒಟ್ಟು 1,000 ಮಿಲಿಗ್ರಾಂ ಎಂದು ಬರೆದಿದ್ದರೆ ಅದು ಎರಡೂವರೆ ದಿನಕ್ಕೆ ಮುಗಿಯಬೇಕು. ರಾತ್ರಿ ನಾಲ್ಕು ಹನಿ, ಬೆಳಿಗ್ಗೆ ನಾಲ್ಕು ಹನಿ ಎಂದು ಅದನ್ನು ತಿಂಗಳುಗಟ್ಟಲೆ ಹಾಕುತ್ತಿದ್ದರೆ ಮಗುವಿಗೆ ಸಿಗುತ್ತಿರುವುದು ಪರೀಕ್ಷೆಯಲ್ಲಿ ಗೆದ್ದ ಔಷಧಿಯ ಹೆಸರು ಮಾತ್ರ. ಅದೂ ಸೀಸೆಯ ಮೇಲೆ ಬರೆದಿದ್ದೇ ಒಳಗಿದ್ದರೆ. ಅಮೆರಿಕದಲ್ಲಿ ಆನ್‌ಲೈನಿನಲ್ಲಿ ಮಾರುವ 84 ಸಿಬಿಡಿ ಸರಕುಗಳನ್ನು ಕೊಂಡು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಚೀಟಿಯಲ್ಲಿ ಬರೆದ ಪ್ರಮಾಣಕ್ಕೆ ಸರಿಹೊಂದಿದ್ದು ಅವುಗಳಲ್ಲಿ 26 ಮಾತ್ರ. 18ರಲ್ಲಿ ನಶೆ ತರುವ ಟಿಎಚ್‌ಸಿ ಕೂಡ ಸಿಕ್ಕಿತು. ಅಂಥ ಸಂಸ್ಥೆಗಳು, ಪ್ರಯೋಗಾಲಯಗಳು ಇರುವ ದೇಶದ ಗತಿಯೇ ಇದಾದರೆ, ಸೊಪ್ಪು ಕಾನೂನಿಗೆ ಹೊರಗು ಎಂಬ ಒಂದೇ ಎಳೆಯ ಮೇಲೆ ನಡೆಯುತ್ತಿರುವ ನಮ್ಮ ಮಾರುಕಟ್ಟೆಯಲ್ಲಿ ಏನೇನು ತುಂಬಿ ಮಾರುತ್ತಿರಬಹುದು ಎಂದು ಊಹಿಸುವುದು ಕಷ್ಟವಲ್ಲ.

ಇಲ್ಲಿ ಆಯುರ್ವೇದದ ಮಾತು ಬರುತ್ತದೆ. ಸಾವಿರಾರು ವರ್ಷ ಬಳಸಿದ್ದಕ್ಕೆ ಈಗ ಹೊಸದಾಗಿ ಪರೀಕ್ಷೆಯೇಕೆ, ವಿಜಯಾ ಎಂಬ ಹೆಸರಿನಲ್ಲಿ ಅದು ನಮ್ಮ ಗ್ರಂಥಗಳಲ್ಲೇ ಇಲ್ಲವೇ ಎನ್ನುವವರಿದ್ದಾರೆ. ಇದೆ. ಗ್ರಹಣಿಗೆ, ಅಂದರೆ ಹಳೆಯ ಭೇದಿಗೆ, ಕೊಡುವ ಜಾತೀಫಲಾದಿ ಚೂರ್ಣದಲ್ಲಿ ಭಂಗಿ ಇದೆ. ಆದರೆ ಅದೇ ಶಾಸ್ತ್ರದ ಕೆಲವು ಗ್ರಂಥಗಳು ಭಂಗಿಯನ್ನು ಉಪವಿಷಗಳ ಸಾಲಿನಲ್ಲಿಟ್ಟು, ಶೋಧನೆ ಮಾಡದೆ ಬಳಸಬಾರದೆಂದೂ ಹೇಳುತ್ತವೆ. ನಮ್ಮ ಔಷಧ ಕಾನೂನಿನ ಇ-1 ಅನುಸೂಚಿ ಕೂಡ ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿ ಭಂಗಿಯನ್ನು ಸೇರಿಸಿ, ಅದಿರುವ ಔಷಧಿಯನ್ನು ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂದು ಡಬ್ಬಿಯ ಮೇಲೆ ಮುದ್ರಿಸಲು ವಿಧಿಸಿದೆ. ಅಂದಮೇಲೆ ಅಳತೆಯ ಮಾತು ಪರಂಪರೆಗೆ ಹೊರಗಿನದಲ್ಲ. ಹಳೆಯ ಪಂಡಿತ ಚೂರ್ಣದಲ್ಲಿ ಚಿಟಿಕೆಯಷ್ಟು ಭಂಗಿಯನ್ನು ಹತ್ತಾರು ಬೇರೆ ದ್ರವ್ಯಗಳ ಜೊತೆ ಬೆರೆಸುತ್ತಿದ್ದ. ಇಂದು ಅದೇ ಹೆಸರಿನಡಿ ಕಂಪನಿಗಳು ಮಾರುತ್ತಿರುವುದು ಗಿಡದ ಗಾಢವಾದ ಸಾರವನ್ನು. ಎರಡೂ ಒಂದೇ ಎಂದು ಪರವಾನಗಿ ಕೊಡುವುದು ಪರಂಪರೆಯನ್ನು ಗೌರವಿಸಿದಂತಾಗುವುದಿಲ್ಲ. ಆಯುರ್ವೇದ ವೈದ್ಯರು ಗಾಂಜಾ ಔಷಧಿಯನ್ನು ಬರೆದುಕೊಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಆ ಸೀಸೆಯೂ ಅಲೋಪತಿಯ ಸೀಸೆ ಹೋಗುವ ಪ್ರಯೋಗಾಲಯದ ಬಾಗಿಲಲ್ಲೇ ಹಾದುಹೋಗಲಿ ಎಂಬುದಷ್ಟೇ ವಾದ.

ಬೇರೆ ದೇಶಗಳು ಏನು ಮಾಡಿದವು ಎಂದು ನೋಡಿದರೆ, ಎಡವಲು ಎಷ್ಟು ದಾರಿಗಳಿವೆ ಎಂಬುದು ತಿಳಿಯುತ್ತದೆ. ಥಾಯ್ಲೆಂಡಿನದು ದೊಡ್ಡ ಪಾಠ. 2018ರ ಕೊನೆಗೆ ವೈದ್ಯಕೀಯ ಬಳಕೆಗೆ ಒಪ್ಪಿಗೆ ಕೊಟ್ಟ ಆ ದೇಶ, 2022ರ ಜೂನ್ 9ರಂದು ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದಲೇ ತೆಗೆದುಹಾಕಿತು. ವೈದ್ಯಕೀಯ ಬಳಕೆಗೆಂದೇ ಇದು ಎಂದು ಸರ್ಕಾರ ಹೇಳುತ್ತಿತ್ತು. ಆದರೆ ಅದನ್ನು ಜಾರಿಗೊಳಿಸುವ ಕಾನೂನು ಸಂಸತ್ತಿನಲ್ಲಿ ಸಿಕ್ಕಿಕೊಂಡಿತು. ಪಟ್ಟಿಯಿಂದ ತೆಗೆದದ್ದು ಮೊದಲು, ನಿಯಮ ಆಮೇಲೆ ಎಂಬ ಈ ಕ್ರಮದ ಫಲವಾಗಿ ಬ್ಯಾಂಕಾಕಿನ ಬೀದಿಗಳಲ್ಲಿ ಸಾವಿರಾರು ಗಾಂಜಾ ಅಂಗಡಿಗಳು ಎದ್ದವು, ಪ್ರವಾಸಿಗರು ಮುತ್ತಿದರು. ಮೂರು ವರ್ಷ ಕಳೆದು, 2025ರ ಜೂನ್‌ನಲ್ಲಿ, ವೈದ್ಯರ ಚೀಟಿ ಇಲ್ಲದೆ ಹೂವು ಮಾರಬಾರದೆಂದು ಸರ್ಕಾರ ಆದೇಶ ಹೊರಡಿಸಬೇಕಾಯಿತು. ಅಷ್ಟರಲ್ಲಿ ಸಾಲ ಮಾಡಿ ಬೆಳೆದ ರೈತ, ಬಾಡಿಗೆ ಹಿಡಿದ ಅಂಗಡಿಯವ ಎಲ್ಲರೂ ಪೇಟೆಗೆ ಇಳಿದುಬಿಟ್ಟಿದ್ದರು. ಬಿಟ್ಟದ್ದನ್ನು ಮತ್ತೆ ಹಿಡಿಯುವುದು ಮೊದಲೇ ಹಿಡಿದಿಟ್ಟುಕೊಳ್ಳುವುದಕ್ಕಿಂತ ಎಷ್ಟೋ ಪಾಲು ಕಷ್ಟ.

ಬ್ರಿಟನ್ ಇದರ ತದ್ವಿರುದ್ಧ. ಫಿಟ್ಸ್ ಇರುವ ಮಕ್ಕಳ ತಾಯಂದಿರ ಹೋರಾಟ ಪತ್ರಿಕೆಗಳನ್ನು ತುಂಬಿದ ಮೇಲೆ, 2018ರ ನವೆಂಬರ್ 1ರಿಂದ ತಜ್ಞ ವೈದ್ಯರು ಗಾಂಜಾ ಔಷಧಿ ಬರೆಯಬಹುದು ಎಂದಾಯಿತು. ಆದರೆ ಪರವಾನಗಿ ಪಡೆದ ಎರಡು ಮೂರು ಔಷಧಿಗಳನ್ನು ಬಿಟ್ಟರೆ ಉಳಿದವನ್ನು ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಬರೆದದ್ದು ಬೆರಳೆಣಿಕೆಯಷ್ಟು. ಸಾಕ್ಷ್ಯ ಸಾಲದು ಎಂದು ಮಾರ್ಗಸೂಚಿ ಹೇಳುತ್ತಿತ್ತು, ವೈದ್ಯರು ಹಿಂಜರಿದರು, ಹಣವಿದ್ದವರು ಖಾಸಗಿ ಕ್ಲಿನಿಕ್ಕುಗಳತ್ತ ಹೋದರು. ಜರ್ಮನಿ 2017ರಲ್ಲಿ ವಿಮೆಯ ಹಣ ಸಿಗುವಂತೆ, ಸಾಕಷ್ಟು ಬಿಗಿಯಾಗಿಯೇ ಶುರುಮಾಡಿತು; 2024ರ ಏಪ್ರಿಲ್‌ನಲ್ಲಿ ಮಾದಕ ಪಟ್ಟಿಯಿಂದ ತೆಗೆದು ಮಾಮೂಲಿ ಚೀಟಿ ಸಾಕು ಎಂದ ಕೂಡಲೇ, ವೈದ್ಯರ ಮುಖವನ್ನೂ ನೋಡದೆ ಆನ್‌ಲೈನ್ ಫಾರಂ ತುಂಬಿ ಔಷಧಿ ತರಿಸಿಕೊಳ್ಳುವವರು ಹೆಚ್ಚಿದರು, ಆಮದು ಒಂದೇ ವರ್ಷದಲ್ಲಿ ಎರಡು ಪಟ್ಟು ಮೀರಿತು, ಈಗ ಮತ್ತೆ ಬಿಗಿ ಮಾಡುವ ಮಾತು ನಡೆದಿದೆ. ಈ ಮೂರೂ ದೇಶಗಳಲ್ಲಿ ಸೋತದ್ದು ಅನುಮತಿ ಕೊಡುವ ನಿರ್ಧಾರವಲ್ಲ, ಅದರ ಮುಂದಿನ ಹೆಜ್ಜೆ.

ದೂರದ ಪಾಠ ಸಾಲದೆಂದರೆ ಮನೆಯ ಪಾಠವೇ ಇದೆ. ಮಾರ್ಫಿನ್ ವಿಷಯದಲ್ಲಿ 1985ರ ಕಾಯ್ದೆ ಮಾಡಿದ್ದು ನಾವು ಮರೆಯಬಾರದ ಕಥೆ. ಕ್ಯಾನ್ಸರಿನ ಕೊನೆಯ ಹಂತದ ನೋವಿಗೆ ಬಾಯಲ್ಲಿ ನುಂಗುವ ಮಾರ್ಫಿನ್‌ಗೆ ಸಮನಾದ ಅಗ್ಗದ ಔಷಧಿ ಇಂದಿಗೂ ಇಲ್ಲ. ಕಾಯ್ದೆ ಅದರ ವೈದ್ಯಕೀಯ ಬಳಕೆಯನ್ನು ನಿಷೇಧಿಸಿರಲಿಲ್ಲ. ಆದರೆ ರಾಜ್ಯಕ್ಕೊಂದು ನಿಯಮ, ಇಟ್ಟುಕೊಳ್ಳಲು ಒಂದು ಪರವಾನಗಿ, ಸಾಗಿಸಲು ಇನ್ನೊಂದು, ರಾಜ್ಯದ ಗಡಿ ದಾಟಿಸಲು ಮತ್ತೊಂದು. ಲೆಕ್ಕದಲ್ಲಿ ತಪ್ಪಾದರೆ ಹತ್ತು ವರ್ಷದ ಜೈಲು. ಔಷಧಿ ಅಂಗಡಿಯವರು ಈ ಉಸಾಬರಿಯೇ ಬೇಡವೆಂದು ಕೈಬಿಟ್ಟರು. ಮುಂದಿನ ಹನ್ನೆರಡು ಹದಿಮೂರು ವರ್ಷಗಳಲ್ಲಿ ದೇಶದ ಮಾರ್ಫಿನ್ ಬಳಕೆ ಶೇಕಡಾ 90ಕ್ಕಿಂತ ಹೆಚ್ಚು ಕುಸಿಯಿತು. ಜಗತ್ತಿಗೆ ಕಾನೂನುಬದ್ಧ ಅಫೀಮು ಬೆಳೆದು ಮಾರುವ ದೇಶದ ರೋಗಿಗಳೇ ನೋವಿನಲ್ಲಿ ನರಳಿ ಸತ್ತರು. ಒಂದು ತಲೆಮಾರಿನ ಯುವ ವೈದ್ಯರು ಮಾರ್ಫಿನ್ ಬರೆಯುವುದನ್ನು ಕಲಿಯದೆಯೇ ಕಾಲೇಜು ಮುಗಿಸಿದರು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರಂಥವರು ದಶಕಗಳ ಕಾಲ ಬಾಗಿಲು ಬಡಿದ ಮೇಲೆ 2014ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. 'ಅತ್ಯಗತ್ಯ ಮಾದಕ ಔಷಧಿ' ಎಂಬ ಹೊಸ ವರ್ಗ ಹುಟ್ಟಿ, ದೇಶಕ್ಕೆಲ್ಲ ಒಂದೇ ನಿಯಮ ಬಂತು. ರಾಜ್ಯದ ಔಷಧ ನಿಯಂತ್ರಕರು ಮಾನ್ಯ ಮಾಡಿದ ಆಸ್ಪತ್ರೆ ಮೂರು ನಾಲ್ಕು ಪರವಾನಗಿಗಳಿಗೆ ಅಲೆಯದೆ ಮಾರ್ಫಿನ್ ಇಟ್ಟುಕೊಳ್ಳಬಹುದಾಯಿತು. ಗಾಂಜಾ ಇಂದು ನಿಂತಿರುವುದು 2014ಕ್ಕೆ ಮೊದಲು ಮಾರ್ಫಿನ್ ನಿಂತಿದ್ದ ಜಾಗದಲ್ಲೇ. ವಿನಾಯಿತಿ ಪುಸ್ತಕದಲ್ಲಿದೆ, ಅದನ್ನು ಬಳಸುವ ಧೈರ್ಯ ಯಾರಿಗೂ ಇಲ್ಲ.

ಇದರ ಜೊತೆಗೆ ಕಾಯ್ದೆಯೊಳಗೇ ಒಂದು ತೊಡಕಿದೆ, ವಕೀಲರಲ್ಲದವರ ಕಣ್ಣಿಗೆ ಬೀಳುವಂಥದ್ದಲ್ಲ. ಗಿಡದಿಂದ ಬೇರ್ಪಡಿಸಿದ ಅಂಟು ಯಾವ ರೂಪದಲ್ಲಿದ್ದರೂ ಚರಸ್, ಹಶೀಶ್ ಎಣ್ಣೆ ಎನ್ನುವ ಗಾಢ ಸಾರವೂ ಚರಸ್ ಎಂದು ಒಂದು ವ್ಯಾಖ್ಯೆ ಹೇಳುತ್ತದೆ. ಯಾವುದೇ ಸಾರ ಔಷಧೀಯ ಗಾಂಜಾ ಎಂದು ಇನ್ನೊಂದು ವ್ಯಾಖ್ಯೆ ಹೇಳುತ್ತದೆ. ರಾಜ್ಯಗಳಿಗೆ ಗಾಂಜಾ ಕೃಷಿಯ ಅಧಿಕಾರ ಕೊಟ್ಟ ಕಲಮೇ ಚರಸನ್ನು ಅದರಿಂದ ಹೊರಗಿಟ್ಟಿದೆ. ಅಂದರೆ ಒಬ್ಬ ಔಷಧ ತಯಾರಕ ಹೂವಿನಿಂದ ಸಾರ ತೆಗೆದು ಪಾತ್ರೆಯಲ್ಲಿಟ್ಟಾಗ ಅವನ ಕೈಯಲ್ಲಿರುವುದು ಔಷಧಿಯೋ ಚರಸೋ ಎಂಬುದು ಬಾಗಿಲು ತಟ್ಟುವ ಅಧಿಕಾರಿಯ ಓದಿಗೆ ಬಿಟ್ಟದ್ದು. ಒಂದು ಕಿಲೋ ಮೀರಿದ ಚರಸ್ 'ವಾಣಿಜ್ಯ ಪ್ರಮಾಣ', ಅದಕ್ಕೆ ಕನಿಷ್ಠ ಹತ್ತು ವರ್ಷ ಶಿಕ್ಷೆ. ಯಾವ ಒಳ್ಳೆಯ ಕಂಪನಿ ಇದಕ್ಕೆ ಕೈಹಾಕುತ್ತದೆ? ಕೈಹಾಕುವವರು ಸೊಪ್ಪಿನ ರಿಯಾಯಿತಿಯಲ್ಲಿ ಒಳನುಸುಳಲು ಸಿದ್ಧರಿರುವವರು.

ಆಕ್ಷೇಪಗಳಲ್ಲಿ ಮೊದಲನೆಯದು, ಆಸ್ಪತ್ರೆಗೆಂದು ಬೆಳೆದದ್ದು ಬೀದಿಗೆ ಹರಿಯುತ್ತದೆ ಎಂಬುದು. ಈ ಭಯ ಸುಳ್ಳಲ್ಲ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಕೇಂದ್ರ ಮಾದಕ ವಸ್ತು ಬ್ಯೂರೋ ಪ್ರತಿ ಅಫೀಮು ರೈತನಿಗೂ ಪರವಾನಗಿ ಕೊಟ್ಟು, ಹೊಲ ಅಳೆದು, ಇಳುವರಿ ತೂಗಿಸಿಕೊಂಡು ಘಾಜೀಪುರ, ನೀಮಚ್ ಕಾರ್ಖಾನೆಗಳಿಗೆ ಕಳಿಸುತ್ತದೆ. ಆದರೂ ಒಂದಿಷ್ಟು ಕಳ್ಳದಾರಿ ಹಿಡಿಯುತ್ತದೆ. ಆದರೆ ಗಾಂಜಾ ಔಷಧಿಗೆ ಅಷ್ಟು ಹೊಲಗಳೇ ಬೇಕಿಲ್ಲ. ಬೆರಳೆಣಿಕೆಯ ಸಂಶೋಧನಾ ಸಂಸ್ಥೆಗಳು, ಕೆಲವೇ ಪರವಾನಗಿದಾರರು ಬೇಲಿಯೊಳಗೆ ಬೆಳೆದರೆ ಸಾಕು. ಸಿಎಸ್ಐಆರ್‌ಗೆ ಸೇರಿದ ಜಮ್ಮುವಿನ ಸಮಗ್ರ ವೈದ್ಯ ಸಂಸ್ಥೆ ಈಗಾಗಲೇ ಅನುಮತಿ ಪಡೆದು ಬೆಳೆಯುತ್ತಿದೆ. ಮಕ್ಕಳ ಫಿಟ್ಸ್‌ಗೆ ಬೇಕಾದ ಸಿಬಿಡಿಯನ್ನು ಟಿಎಚ್‌ಸಿ ತೀರ ಕಡಿಮೆ ಇರುವ ತಳಿಯಿಂದ ತೆಗೆಯಬಹುದು. ಆ ಗಿಡವನ್ನು ಕದ್ದವನಿಗೆ ನಶೆಯೂ ಸಿಗದು, ಗಿರಾಕಿಯೂ ಸಿಗದು. ಇನ್ನು ಬೀದಿಯ ಗಾಂಜಾಕ್ಕೆ ಆಸ್ಪತ್ರೆಯ ದಾರಿ ಬೇಕೇ ಆಗಿಲ್ಲ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದೊಳಗಿನ ಸುಮಾರು 3.1 ಕೋಟಿ ಭಾರತೀಯರು ಆ ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ ಅಥವಾ ಚರಸ್ ಬಳಸಿದ್ದರು. ಸುಮಾರು 72 ಲಕ್ಷ ಮಂದಿಗೆ ಚಟದಿಂದ ಹೊರಬರಲು ನೆರವು ಬೇಕಿತ್ತು. ಒಂದೇ ಒಂದು ಆಸ್ಪತ್ರೆಯ ಚೀಟಿಯ ಹಂಗಿಲ್ಲದೆ ಆದದ್ದು ಇದು.

ಎರಡನೆಯ ಆಕ್ಷೇಪ ಹುಡುಗರ ಬಗ್ಗೆ, ಅದನ್ನು ಹಗುರವಾಗಿ ತಳ್ಳಿಹಾಕುವವರ ಬಗ್ಗೆ ನನಗೆ ಸಹನೆಯಿಲ್ಲ. ಯುರೋಪಿನ ನಗರಗಳು ಮತ್ತು ಬ್ರೆಜಿಲ್ ಸೇರಿ 11 ಕಡೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನವೂ ಗಾಂಜಾ ಸೇದುವವರಲ್ಲಿ ಮನೋವಿಕಲತೆ ಕಾಣಿಸಿಕೊಳ್ಳುವ ಸಂಭವ ಎಂದೂ ಸೇದದವರಿಗಿಂತ ಸುಮಾರು ಮೂರು ಪಟ್ಟು, ಟಿಎಚ್‌ಸಿ ಹೆಚ್ಚಿರುವ ತಳಿಯನ್ನು ದಿನವೂ ಸೇದುವವರಲ್ಲಿ ಸುಮಾರು ಐದು ಪಟ್ಟು ಕಂಡುಬಂತು. ನಿಮ್ಹಾನ್ಸ್‌ನಂಥ ಸಂಸ್ಥೆಗಳ ವೈದ್ಯರು ಗಾಂಜಾ ಎಂದೊಡನೆ ಹುಬ್ಬು ಗಂಟಿಕ್ಕಿದರೆ ಅದಕ್ಕೆ ಕಾರಣವಿದೆ. ಆದರೆ ಈ ಅಂಕಿಗಳು ಯಾವ ಕಡೆಗೆ ಬೆರಳು ತೋರುತ್ತಿವೆ ಎಂದು ಗಮನಿಸಿ: ಅಪಾಯ ಏರುವುದು ಟಿಎಚ್‌ಸಿಯ ಪ್ರಮಾಣದ ಜೊತೆ. ಬೀದಿಯ ಪೊಟ್ಟಣದಲ್ಲಿ ಆ ಪ್ರಮಾಣ ಎಷ್ಟೆಂದು ಮಾರುವವನಿಗೂ ಗೊತ್ತಿಲ್ಲ. ಔಷಧಿಯ ನಿಯಮ ಎಂದರೆ ಅದನ್ನು ಬರೆದಿಡುವುದು, ಇಪ್ಪತ್ತೈದರ ಒಳಗಿನವರಿಗೆ, ಮನೆತನದಲ್ಲಿ ಮನೋರೋಗ ಇರುವವರಿಗೆ, ಗರ್ಭಿಣಿಯರಿಗೆ ಟಿಎಚ್‌ಸಿ ಇರುವ ಔಷಧಿ ಬರೆಯದಂತೆ ವೈದ್ಯರನ್ನು ಕಟ್ಟುವುದು, ಸೇದುವ ರೂಪವನ್ನು ಔಷಧಿಯೆಂದು ಒಪ್ಪದಿರುವುದು. ಹೊಗೆಗೆ ಮಿಲಿಗ್ರಾಂ ಲೆಕ್ಕವಿಲ್ಲ.

ಔಷಧಿಯ ನೆಪದಲ್ಲಿ ಮೋಜಿನ ಗಾಂಜಾ ಬರುತ್ತದೆ ಎಂಬ ಮಾತಿಗೆ ಅಮೆರಿಕದ ಉದಾಹರಣೆ ಕೊಡುತ್ತಾರೆ. 1996ರಲ್ಲಿ ಕ್ಯಾಲಿಫೋರ್ನಿಯಾ ಮತದಾರರು ವೈದ್ಯಕೀಯ ಬಳಕೆಗೆ ಒಪ್ಪಿದರು, ಇಪ್ಪತ್ತು ವರ್ಷದ ನಂತರ ಮೋಜಿಗೂ ಒಪ್ಪಿದರು. ಸರಿಯೇ. ಆದರೆ ಅಲ್ಲಿ ಔಷಧಿಯ ಹೆಸರಿನಲ್ಲಿ ತೆರೆದದ್ದು ಔಷಧಿ ಅಂಗಡಿಯಲ್ಲ, ಹೂವು ಮಾರುವ ಪ್ರತ್ಯೇಕ ಮಳಿಗೆ. ಡೋಸ್ ಇಲ್ಲದ ಶಿಫಾರಸು ಪತ್ರವೊಂದು ಸಾಕಿತ್ತು. ಗಾಂಜಾದಿಂದ ಬಂದ ಸಿಬಿಡಿ ದ್ರಾವಣವನ್ನು ಬೇರೆ ಯಾವುದೇ ಫಿಟ್ಸ್ ಔಷಧಿಯಂತೆ ಮೆಡಿಕಲ್ ಶಾಪಿನಿಂದ ಕೊಂಡವರು ಯಾವ ಕ್ರಾಂತಿಯನ್ನೂ ಮಾಡಲಿಲ್ಲ. ಒಂದು ಕಿಲೋ ಒಳಗಿನ ಗಾಂಜಾ ಇಟ್ಟುಕೊಂಡ ಹುಡುಗನನ್ನು ಒಂದು ವರ್ಷದವರೆಗೆ ಜೈಲಿಗೆ ಹಾಕುವುದು ನ್ಯಾಯವೇ ಎಂಬುದು ಕೇಳಲೇಬೇಕಾದ ಪ್ರಶ್ನೆ. ಅದನ್ನು ಅದರದೇ ಹೆಸರಿನಲ್ಲಿ ಕೇಳೋಣ, ರೋಗಿಯ ಬೆನ್ನ ಹಿಂದೆ ನಿಂತು ಬೇಡ.

ನನ್ನ ಆತಂಕ ಇನ್ನೊಂದು ಕಡೆಯದು. ಗಾಂಜಾದ ಬಗ್ಗೆ ಸರ್ಕಾರಗಳ ಕಣ್ಣು ತೆರೆಸುತ್ತಿರುವುದು ರೋಗಿಯಲ್ಲ, ಬೊಕ್ಕಸ. ಉತ್ತರಾಖಂಡ 2018ರಲ್ಲಿ ಟಿಎಚ್‌ಸಿ ಶೇಕಡಾ 0.3 ಮೀರದ ಕೈಗಾರಿಕಾ ಗಾಂಜಾ ಕೃಷಿಗೆ ಪರವಾನಗಿ ಕೊಟ್ಟಿತು. ಹಿಮಾಚಲ ಪ್ರದೇಶ ಸಚಿವರೊಬ್ಬರ ಸಮಿತಿ ಮಾಡಿ, ವರದಿ ತರಿಸಿ, 2024ರಲ್ಲಿ ವಿಧಾನಸಭೆಯಲ್ಲಿ ನಿರ್ಣಯ ಅಂಗೀಕರಿಸಿ, ಆಮೇಲೆ ಎರಡು ಕೃಷಿ ವಿಶ್ವವಿದ್ಯಾಲಯಗಳಲ್ಲಿ ಪ್ರಾಯೋಗಿಕ ಬೆಳೆಗೆ ಒಪ್ಪಿದೆ. ನಾರು, ಬೀಜ, ಬಟ್ಟೆ, ಎಣ್ಣೆ ಇವೆಲ್ಲ ಬರಲಿ. ಆದರೆ ಆ ಮಾತುಗಳಲ್ಲಿ 'ಔಷಧಿ' ಎಂಬ ಪದ ಆದಾಯದ ಅಂಕಿಯ ಪಕ್ಕದಲ್ಲಿ ಅಲಂಕಾರಕ್ಕೆ ಕೂತಂತಿರುತ್ತದೆ. ಔಷಧಿಯಲ್ಲಿ ಹಣವಿರುವುದು ಗಿಡದಲ್ಲಲ್ಲ ಎಂಬುದನ್ನಾದರೂ ಅವರು ನೋಡಬೇಕು. ಎಪಿಡಿಯೊಲೆಕ್ಸ್ ತಯಾರಿಸಿದ ಬ್ರಿಟನ್ನಿನ ಜಿಡಬ್ಲ್ಯು ಫಾರ್ಮಾ 1998ರಲ್ಲಿ ಶುರುವಾಗಿ, ಇಪ್ಪತ್ತು ವರ್ಷ ತಳಿ, ಶುದ್ಧೀಕರಣ, ಪ್ರಯೋಗಗಳ ಮೇಲೆ ದುಡ್ಡು ಸುರಿಯಿತು. 2021ರಲ್ಲಿ ಅದನ್ನು ಬೇರೊಂದು ಕಂಪನಿ ಕೊಂಡಾಗ ಅದರ ಬೆಲೆ 720 ಕೋಟಿ ಡಾಲರ್. ಮಾರುಕಟ್ಟೆಗೆ ಬಂದಾಗ ಆ ಔಷಧಿಯ ಪಟ್ಟಿ ಬೆಲೆ ಒಬ್ಬ ರೋಗಿಗೆ ವರ್ಷಕ್ಕೆ ಸುಮಾರು 32,500 ಡಾಲರ್. ಅಗ್ಗದ ಜೆನೆರಿಕ್ ಗುಳಿಗೆಗಳನ್ನು ಜಗತ್ತಿಗೆಲ್ಲ ಮಾಡಿಕೊಡುವ ನಮ್ಮ ಔಷಧ ಉದ್ಯಮ ಕೈಹಾಕಬೇಕಾದದ್ದು ಇಲ್ಲಿ. ಆ ಬೆಲೆಯ ಸೀಸೆ ನಮ್ಮ ಜಿಲ್ಲಾ ಆಸ್ಪತ್ರೆಯ ಬಾಗಿಲಿಗೂ ಬರುವುದಿಲ್ಲ.

ಹಾಗಾದರೆ ಏನು ಮಾಡಬಹುದು? ಹೊಸ ಕಾಯ್ದೆ ಬೇಡ. ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗ 2020ರ ಡಿಸೆಂಬರಿನಲ್ಲಿ ಗಾಂಜಾವನ್ನು 1961ರ ಒಪ್ಪಂದದ ಅತಿ ಕಟ್ಟುನಿಟ್ಟಿನ ನಾಲ್ಕನೇ ಅನುಸೂಚಿಯಿಂದ ತೆಗೆಯಲು 25ರ ವಿರುದ್ಧ 27 ಮತಗಳಿಂದ ನಿರ್ಧರಿಸಿದಾಗ ತೆಗೆಯಬೇಕೆಂದು ಮತ ಹಾಕಿದವರಲ್ಲಿ ಭಾರತವೂ ಇತ್ತು. ವಿಯೆನ್ನಾದ ಆ ಸಭೆಯಲ್ಲಿ ಒಪ್ಪಿದ್ದನ್ನು ದೆಹಲಿಯಲ್ಲಿ ನಿಯಮವಾಗಿ ಬರೆಯಬೇಕು. ಪರವಾನಗಿ ಪಡೆದ ತಯಾರಕನ ಕೈಯಲ್ಲಿರುವ ಸಾರ ಚರಸ್ ಅಲ್ಲ, ಔಷಧೀಯ ಗಾಂಜಾ ಎಂದು ಒಂದು ಅಧಿಸೂಚನೆಯಲ್ಲಿ ಸ್ಪಷ್ಟಪಡಿಸಬೇಕು. ಸೊಪ್ಪಿನಿಂದ ತೆಗೆದದ್ದಾದರೂ ಸಾರವೆಂದರೆ ಸಾರವೇ, ಟಿಎಚ್‌ಸಿ ಮತ್ತು ಸಿಬಿಡಿಯ ಪ್ರಮಾಣವನ್ನು ಪ್ರತಿ ಬ್ಯಾಚಿಗೂ ಪರೀಕ್ಷಿಸಿ ಸೀಸೆಯ ಮೇಲೆ ಬರೆಯಬೇಕು ಎಂದು ಆಯುಷ್ ಪರವಾನಗಿದಾರರಿಗೂ ವಿಧಿಸಬೇಕು. ಸಾಕ್ಷ್ಯ ಗಟ್ಟಿ ಇರುವ ಕಾಯಿಲೆಗಳಿಗೆ ಮಾತ್ರ, ಆಯಾ ಕಾಯಿಲೆಯ ತಜ್ಞರೇ ಮೊದಲ ಚೀಟಿ ಬರೆಯಬೇಕು; ರೋಗಿಗೆ ಏನಾಯಿತೆಂದು ಬರೆದಿಡುವ ದಾಖಲೆ ಪುಸ್ತಕ ಕಡ್ಡಾಯವಾಗಬೇಕು. ಇಲ್ಲದಿದ್ದರೆ ಹತ್ತು ವರ್ಷದ ನಂತರವೂ ಸಾಕ್ಷ್ಯ ಸಾಲದು ಎಂಬ ಮಾತನ್ನೇ ಆಡುತ್ತಿರುತ್ತೇವೆ. ಇದಕ್ಕೆಲ್ಲ ಹೊಸ ಇಲಾಖೆ ಕಟ್ಟಬೇಕಿಲ್ಲ. ಮಾರ್ಫಿನ್ ಇಟ್ಟುಕೊಳ್ಳಲು ಮಾನ್ಯತೆ ಪಡೆದ ಆಸ್ಪತ್ರೆಗಳ ಪಟ್ಟಿ ರಾಜ್ಯ ಔಷಧ ನಿಯಂತ್ರಕರ ಕಚೇರಿಯಲ್ಲೇ ಇದೆ. ಬೀಗ ಹಾಕುವ ಕಪಾಟು, ದಿನದಿನದ ಲೆಕ್ಕದ ಪುಸ್ತಕ, ತರಬೇತಿ ಪಡೆದ ಒಬ್ಬ ವೈದ್ಯ ಎಂಬ ವ್ಯವಸ್ಥೆ ಅಲ್ಲಿ ಆಗಲೇ ನಡೆಯುತ್ತಿದೆ. ಅತ್ಯಗತ್ಯ ಮಾದಕ ಔಷಧಿಗಳ ಪಟ್ಟಿಗೆ ಅಧಿಸೂಚನೆಯ ಮೂಲಕ ಹೆಸರು ಸೇರಿಸುವ ಅಧಿಕಾರವನ್ನು 2014ರ ತಿದ್ದುಪಡಿ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಮಾರ್ಫಿನ್ ಸೀಸೆಯ ಪಕ್ಕದಲ್ಲಿ, ಅದೇ ಬೀಗದ ಹಿಂದೆ ಇನ್ನೊಂದು ಸೀಸೆ ಇಡಲು ಬೇಕಾದದ್ದು ಆ ಅಧಿಸೂಚನೆ ಮತ್ತು ಸೀಸೆಯಲ್ಲೇನಿದೆ ಎಂದು ನಂಬಿ ಓದಬಹುದಾದ ಒಂದು ಚೀಟಿ.